ಆ ದೊಡ್ಡ ಮನೆಯನ್ನು ಗುಡಿಸುತ್ತಿದ್ದವರು ಯಾರು?

(ತೋಟದ ಕುಟುಂಬಗಳು ಮಿರಜಕ್ಕೆ ಬಂದಿದ್ದಾಗ, ಸಾಂಗಲಿಯನ್ನು ನೋಡಿ ಬಂದ ಮರುದಿನ ಬೆಳಿಗ್ಗೆ ಮಾಡಿದ ಭಾಷಣ)



ನಿನ್ನೆ ನಾವೆಲ್ಲರೂ ಸೇರಿ ಸಾಂಗಲಿಗೆ ಹೋಗಿ ಬಂದೆವು. ಬಿಸಿಲು ಜೋರಾಗಿತ್ತು, ಮಕ್ಕಳಿಗೆ ಕಾಲು ನೋವು ಬಂತು. ಆದರೂ ರಾಜವಾಡೆಯ ಬಾಗಿಲಿನ ಮುಂದೆ ನಿಂತಾಗ ಯಾರಿಗೂ ಆಯಾಸ ಕಾಣಲಿಲ್ಲ. ಆಗ ನಮ್ಮ ಜೊತೆಗಿದ್ದ ಒಬ್ಬ ಅಜ್ಜಿ ಎರಡು ಮಾತು ಹೇಳಿದರು. ಮೊದಲನೆಯದು, "ಅಯ್ಯೋ, ಇದಕ್ಕಿಂತ ನಮ್ಮ ತೋಟದ ಬಂಗಲೆಯೇ ಚೆನ್ನಾಗಿದೆಯಲ್ಲ!" ಎಲ್ಲರೂ ನಕ್ಕೆವು. ಎರಡನೆಯ ಮಾತನ್ನು ಅವರು ಮೆಲ್ಲಗೆ ಹೇಳಿದರು. "ಇಷ್ಟು ದೊಡ್ಡ ಮನೆಯನ್ನು ದಿನಾ ಗುಡಿಸುತ್ತಿದ್ದವರು ಯಾರಪ್ಪಾ?"

ನನಗೆ ರಾತ್ರಿಯೆಲ್ಲ ಆ ಪ್ರಶ್ನೆಯೇ. ಆ ಅಜ್ಜಿ ನಲವತ್ತು ವರ್ಷ ಬಂಗಲೆ ಗುಡಿಸಿದವರು. ಅರಮನೆಯನ್ನು ನೋಡಿದ ಕೂಡಲೇ ಅವರ ಕಣ್ಣಿಗೆ ಬಿದ್ದದ್ದು ಸಿಂಹಾಸನವಲ್ಲ, ನೆಲ. ಇವತ್ತು ನಾನು ಬೇರೊಂದು ವಿಷಯ ಮಾತಾಡಬೇಕೆಂದಿದ್ದೆ. ಅದನ್ನು ಪಕ್ಕಕ್ಕಿಟ್ಟು, ಈ ಅಜ್ಜಿಯ ಪ್ರಶ್ನೆಗೆ ನನ್ನ ಕೈಲಾದಷ್ಟು ಉತ್ತರ ಹೇಳುತ್ತೇನೆ.

ಮೊದಲು ಈ ಊರುಗಳ ಕಥೆ. ಮಿರಜ ಹಳೆಯ ಕೋಟೆಯ ಊರು. ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು, ಆಮೇಲೆ ಔರಂಗಜೇಬನ ಕೈಗೆ ಹೋಯಿತು, 1739ರಲ್ಲಿ ಮರಾಠರ ಕೈಗೆ ಬಂತು. 1761ರಲ್ಲಿ ಪೇಶ್ವೆ ಮಾಧವರಾಯರು ಈ ಕೋಟೆಯನ್ನೂ ಸುತ್ತಲಿನ ಸೀಮೆಯನ್ನೂ ಪಟವರ್ಧನ ಮನೆತನಕ್ಕೆ ಕೊಟ್ಟರು. ಪಟವರ್ಧನರು ದಂಡು ಸಾಕಬೇಕು, ಯುದ್ಧ ಬಂದಾಗ ಪೇಶ್ವೆಯ ಪರವಾಗಿ ನಿಲ್ಲಬೇಕು, ಅದರ ಖರ್ಚಿಗೆ ಈ ಸೀಮೆ. ಇದು ಕರಾರು. ಆ ಮನೆತನದ ಮೂಲಪುರುಷ ಹರಿಭಟ್ಟರು ಇಚಲಕರಂಜಿಯ ಘೋರ್ಪಡೆಯವರ ಮನೆಯ ಪುರೋಹಿತರು. ಅವರ ಮಕ್ಕಳು ಮೊಮ್ಮಕ್ಕಳು ಕತ್ತಿ ಹಿಡಿದು ಸರದಾರರಾದರು.

ಆಸ್ತಿ ಬಂದ ಮನೆಗೆ ಪಾಲಿನ ಜಗಳವೂ ಬರುತ್ತದೆ. ಚಿಂತಾಮಣರಾವ್ ಅಪ್ಪಾಸಾಹೇಬರಿಗೂ ಅವರ ಚಿಕ್ಕಪ್ಪ ಗಂಗಾಧರರಾಯರಿಗೂ ಹೊಂದಿಕೆಯಾಗಲಿಲ್ಲ. 1801ರ ಹೊತ್ತಿಗೆ ಆಸ್ತಿ ಒಡೆದು, ಚಿಂತಾಮಣರಾಯರು ಕೃಷ್ಣಾ ನದಿಯ ದಂಡೆಗೆ ಬಂದರು. ಆಗ ಸಾಂಗಲಿ ಚಿಕ್ಕ ಹಳ್ಳಿ. ಆರು ಗಲ್ಲಿಗಳ ಊರು, ಮರಾಠಿಯಲ್ಲಿ 'ಸಹಾ ಗಲ್ಲಿ', ಅದೇ ಸಾಂಗಲಿಯಾಯಿತು ಎಂದು ಇಲ್ಲಿಯ ಜನ ಹೇಳುತ್ತಾರೆ. ಅಲ್ಲಿ ಅವರು ಕಂದಕ ತೋಡಿಸಿ ಗಣೇಶದುರ್ಗವೆಂಬ ಕೋಟೆ ಕಟ್ಟಿಸಿದರು, ಒಳಗೆ ವಾಡೆ ಕಟ್ಟಿಸಿದರು, ಹೊಳೆಯ ಬದಿಗೆ ಗಣಪತಿಯ ದೇವಾಲಯ ಕಟ್ಟಿಸಿದರು. ಆ ದೇವಾಲಯ ಮುಗಿದದ್ದು 1844ರಲ್ಲಿ. ಅಂದರೆ ಒಬ್ಬ ಕಲ್ಲುಕುಟಿಗನ ಮಗ ದೊಡ್ಡವನಾಗಿ ತಾನೂ ಉಳಿ ಹಿಡಿಯುವಷ್ಟು ಕಾಲ ಈ ಊರಿನಲ್ಲಿ ಕಲ್ಲಿನ ಕೆಲಸ ನಡೆಯಿತು.

ಮಿರಜವೂ ಒಂದಾಗಿ ಉಳಿಯಲಿಲ್ಲ. 1820ರಲ್ಲಿ ಅದೂ ಪಾಲಾಯಿತು. ಕೊನೆಗೆ ಉಳಿದದ್ದು ಎರಡು ಶಾಖೆ. ಹಿರಿಯ ಶಾಖೆ ಮಿರಜದಲ್ಲಿ, ಕಿರಿಯ ಶಾಖೆ ಪಕ್ಕದ ಬುಧಗಾಂವದಲ್ಲಿ. ಈಗ ಲೆಕ್ಕ ಹಾಕಿರಿ. ಒಂದು ಮನೆ ಮೂರಾಯಿತು. ಮೂರು ವಾಡೆ, ಮೂರು ಅಡಿಗೆಮನೆ, ಮೂರು ಲಾಯ, ಮೂರು ಕಡೆ ಕಾವಲಿನವರು. ಇದನ್ನೆಲ್ಲ ಹೊತ್ತದ್ದು ಯಾರ ಹೊಲ?

ಇಲ್ಲಿ ಕನ್ನಡಿಗರಾದ ನಾವು ಕಿವಿಗೊಟ್ಟು ಕೇಳಬೇಕು. ಸಾಂಗಲಿ ಸಂಸ್ಥಾನವೆಂದರೆ ಸಾಂಗಲಿ ಪೇಟೆ ಮಾತ್ರ ಅಲ್ಲ. ಬೆಳಗಾವಿಯ ಮಗ್ಗುಲಿನ ಶಹಾಪುರ ಸಾಂಗಲಿಗೆ ಸೇರಿತ್ತು. ತೇರದಾಳ, ರಬಕವಿ ಸಾಂಗಲಿಗೆ ಸೇರಿದ್ದವು. ದೂರದ ಶಿರಹಟ್ಟಿ ಸಾಂಗಲಿಗೆ ಸೇರಿತ್ತು. ಲಕ್ಷ್ಮೇಶ್ವರ ಮಿರಜದ ಹಿರಿಯ ಶಾಖೆಗೆ, ಗುಡಗೇರಿ ಕಿರಿಯ ಶಾಖೆಗೆ ಸೇರಿತ್ತು. ಶಿರಹಟ್ಟಿಯ ರೈತ ಜೋಳ ಬೆಳೆದು ಕಂದಾಯ ಕಟ್ಟಿದರೆ, ಶಹಾಪುರದ ನೇಕಾರ ಸೀರೆ ನೇಯ್ದು ಸುಂಕ ಕೊಟ್ಟರೆ, ಆ ದುಡ್ಡು ಹೊಳೆ ಹಳ್ಳ ದಾಟಿ ಇಲ್ಲಿಗೆ ಬರುತ್ತಿತ್ತು. ಅವರಲ್ಲಿ ಎಷ್ಟು ಮಂದಿ ಈ ವಾಡೆಯನ್ನು ಕಣ್ಣಾರೆ ಕಂಡಿದ್ದರು? ನಿನ್ನೆ ನಾವು ಮುಟ್ಟಿ ನೋಡಿದ ಗೋಡೆಯಲ್ಲಿ ಕನ್ನಡ ನಾಡಿನ ಜೋಳವೂ ಹತ್ತಿಯೂ ಸೇರಿವೆ. ಕಲ್ಲು ಒಡೆದವರು, ಗಾಣಕ್ಕೆ ಎತ್ತು ಕಟ್ಟಿ ಗಾರೆ ಅರೆದವರು, ಕೊಡದಲ್ಲಿ ನೀರು ಹೊತ್ತ ಹೆಂಗಸರು, ದಿನಾ ಕಸ ಗುಡಿಸಿದವರು, ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅಜ್ಜಿ, ನಿಮ್ಮ ಪ್ರಶ್ನೆಗೆ ಇದು ಮೊದಲ ಉತ್ತರ. ಗುಡಿಸಿದವರು ನಿಮ್ಮಂಥವರೇ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆದರೆ ರಾಜರು ಮಾಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದು ನ್ಯಾಯವಲ್ಲ. 1842ರಲ್ಲಿ ಉತ್ತರ ಕನ್ನಡದ ಕರ್ಕಿ ಎಂಬ ಊರಿನ ಭಾಗವತರ ಮೇಳ ಸಾಂಗಲಿಗೆ ಬಂದು ಆಟ ಆಡಿತು. ಚಿಂತಾಮಣರಾಯರು ಅದನ್ನು ನೋಡಿ ಮೆಚ್ಚಿ, ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ಎಂಬ ಆಟ ರಾಜರ ಮುಂದೆ ನಡೆಯಿತು. ಮರಾಠಿ ರಂಗಭೂಮಿ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಈಗಲೂ ನವೆಂಬರ್ 5ನೇ ತಾರೀಖನ್ನು ಮಹಾರಾಷ್ಟ್ರದವರು ರಂಗಭೂಮಿ ದಿನವಾಗಿ ಆಚರಿಸುತ್ತಾರೆ. ಕನ್ನಡ ಕರಾವಳಿಯ ಮೇಳ ಹಚ್ಚಿದ ದೀಪವದು. 1851ರಲ್ಲಿ ರಾಜರು ತೀರಿಕೊಂಡ ಮೇಲೆ ಭಾವೆಯವರಿಗೆ ಅರಮನೆಯ ಆಸರೆ ತಪ್ಪಿತು. ಅವರು ಕೈ ಕಟ್ಟಿ ಕೂರಲಿಲ್ಲ. ಮೇಳ ಕಟ್ಟಿಕೊಂಡು ಊರೂರು ತಿರುಗಿದರು, ಮುಂಬಯಿಗೆ ಹೋಗಿ ಟಿಕೇಟು ಇಟ್ಟು ಆಟ ಆಡಿದರು.

ಮಿರಜದಲ್ಲೂ ಇಂಥದೇ ಒಂದು ಸಂಗತಿ ಇದೆ. ಇಲ್ಲಿ ಶಿಕಲಗಾರರೆಂಬ ಜನರಿದ್ದರು. ಕತ್ತಿ ಗುರಾಣಿ ಮಾಡುವುದು, ಸಾಣೆ ಹಿಡಿಯುವುದು ಅವರ ಕಸಬು. ಕಂಪೆನಿ ಸರಕಾರ ಬಂತು, ಯುದ್ಧ ನಿಂತಿತು, ಕತ್ತಿ ಯಾರಿಗೆ ಬೇಕು? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವರಲ್ಲಿ ಫರೀದಸಾಹೇಬರೆಂಬವರು ಕತ್ತಿ ಬಿಟ್ಟು ಸೋರೆಬುರುಡೆ ಹಿಡಿದರು. ತಂಬೂರಿ, ಸಿತಾರು ಮಾಡಲು ಕಲಿತರು. ಮಿರಜದ ರಾಜರೂ ಸಂಗೀತಪ್ರಿಯರು, ಪ್ರೋತ್ಸಾಹ ಕೊಟ್ಟರು. ಇವತ್ತು ದೇಶದ ದೊಡ್ಡ ದೊಡ್ಡ ಗವಾಯಿಗಳ ಹಿಂದೆ ನುಡಿಯುವುದು ಮಿರಜದ ತಂಬೂರಿ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿತು. ಮಿರಜದ ಕೋಟೆ ಎಲ್ಲಿದೆ? ಹೆಚ್ಚು ಪಾಲು ಹೋಗಿದೆ, 'ಕಿಲ್ಲಾ ಭಾಗ' ಎಂಬ ಹೆಸರು ಉಳಿದಿದೆ. ಕೈಕಸಬು ಮಾತ್ರ ಅಜ್ಜನಿಂದ ಮೊಮ್ಮಗನಿಗೆ ಬಂದು ಇನ್ನೂ ಬದುಕಿದೆ.

ಇನ್ನು ಮಿರಜದ ಆಸ್ಪತ್ರೆ. ನಮ್ಮ ಬೆಳಗಾವಿ, ಬಿಜಾಪುರದ ಕಡೆಯ ಎಷ್ಟೋ ಮನೆಗಳಲ್ಲಿ 'ಮಿರಜಕ್ಕೆ ಕರೆದುಕೊಂಡು ಹೋಗಿ' ಎಂದರೆ ಆಸ್ಪತ್ರೆಗೆ ಎಂದೇ ಅರ್ಥ. ಡಾಕ್ಟರ್ ವಾನ್ಲೆಸ್ ಅವರು 1889ರಲ್ಲಿ ಸಾಂಗಲಿಗೆ ಬಂದು ಚಿಕ್ಕ ದವಾಖಾನೆ ತೆರೆದರು. ಆಮೇಲೆ ಮಿರಜಕ್ಕೆ ಬಂದರು. ಮಿರಜದ ರಾಜರು ಜಾಗ ಕೊಟ್ಟರು, ಅಮೆರಿಕದ ಒಬ್ಬ ದಾನಿ ಹಣ ಕೊಟ್ಟರು, 1894ರಲ್ಲಿ ಆಸ್ಪತ್ರೆ ಎದ್ದಿತು. ರಾಜರ ವಾಡೆಯೊಳಗೆ ಎಷ್ಟು ಕೋಣೆ ಇತ್ತೆಂದು ನಮ್ಮ ಜನರಿಗೆ ಗೊತ್ತಿಲ್ಲ. ಅವರು ಕೊಟ್ಟ ಆ ಜಾಗ ಗೊತ್ತಿದೆ. ತನಗೆಂದು ಇಟ್ಟುಕೊಂಡದ್ದು ಮಣ್ಣಾಯಿತು, ಬೇರೆಯವರಿಗೆ ಕೊಟ್ಟದ್ದು ಉಳಿಯಿತು.

ಸಾಂಗಲಿಯ ಕೋಟೆಗೆ ಇನ್ನೊಂದು ಕಥೆ ಇದೆ, ಮಕ್ಕಳು ಕೇಳಬೇಕಾದದ್ದು. ಗಣೇಶದುರ್ಗದೊಳಗೆ ಸೆರೆಮನೆ ಇತ್ತು. 1943ರ ಜುಲೈ 24ರಂದು ವಸಂತದಾದಾ ಪಾಟೀಲರೂ ಅವರ ಸಂಗಡಿಗರೂ ಆ ಸೆರೆಯಿಂದ ತಪ್ಪಿಸಿಕೊಂಡು, ಕೋಟೆಯ ಗೋಡೆಯಿಂದ ಜಿಗಿದರು. ಪೋಲೀಸರು ಬೆನ್ನಟ್ಟಿ ಗುಂಡು ಹಾರಿಸಿದರು. ಅಣ್ಣಾಸಾಹೇಬ ಪತ್ರಾವಳೆ, ಬಾಬೂರಾವ್ ಜಾಧವ ಇಬ್ಬರೂ ಪ್ರಾಣ ಬಿಟ್ಟರು. ವಸಂತದಾದಾ ಅವರಿಗೆ ಗುಂಡು ತಗುಲಿತು, ಬದುಕಿಕೊಂಡರು. ಮುಂದೆ ಅವರು ಕಬ್ಬು ಬೆಳೆಯುವವರನ್ನು ಕೂಡಿಸಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. 1977ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು.

1948ರ ಮಾರ್ಚಿಯಲ್ಲಿ ಪಟವರ್ಧನರ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿಹೋದವು. ಶಿರಹಟ್ಟಿ, ತೇರದಾಳ ಮೊದಲಾದವು 1956ರಲ್ಲಿ ನಮ್ಮ ರಾಜ್ಯಕ್ಕೆ ಬಂದವು. ರಾಜರು ಹೋದ ಮೇಲೆ ಸಾಂಗಲಿಯ ರಾಜವಾಡೆಯ ಆವರಣದಲ್ಲಿ ಕಲೆಕ್ಟರ್ ಕಚೇರಿ, ಕೋರ್ಟು ಬಹುಕಾಲ ನಡೆದವು. ಹಿಂದೆ ತಲೆ ಬಾಗಿ ಒಳಗೆ ಹೋಗುತ್ತಿದ್ದ ರೈತನ ಮೊಮ್ಮಗ ಅದೇ ಬಾಗಿಲಲ್ಲಿ ಅರ್ಜಿ ಹಿಡಿದು, ತನ್ನ ಹಕ್ಕೆಂದು ಹೋದ. ಈಗ ಆ ಕಚೇರಿಗಳು ವಿಜಯನಗರದ ಹೊಸ ಕಟ್ಟಡಗಳಲ್ಲಿವೆ.

ಅರಮನೆಗಳ ಈ ಕಥೆ ಇಲ್ಲಿಯದು ಮಾತ್ರವಲ್ಲ. ಜರ್ಮನಿಯ ಉತ್ತರದಲ್ಲಿ ಮೆಕ್ಲೆನ್‌ಬರ್ಗ್ ಎಂಬ ಸೀಮೆ ಇದೆ. ಸಾವಿರಕ್ಕೂ ಹೆಚ್ಚು ಕೆರೆ ಸರೋವರಗಳ ನಾಡು. ಕೆರೆಗಳ ದಂಡೆಯಲ್ಲಿ, ಹೊಲಗಳ ನಡುವೆ, ಹಳ್ಳಿ ಹಳ್ಳಿಗೂ ಜಮೀನುದಾರರ ದೊಡ್ಡ ಮನೆಗಳು. ಅವರ ಜಮೀನೆಂದರೆ ನಮ್ಮ ಎಸ್ಟೇಟುಗಳ ಹಾಗೆಯೇ. ನಡುವೆ ದೊರೆಯ ಮನೆ, ಲಾಯ, ಕಣಜ, ಆಚೆಗೆ ಸಾಲಾಗಿ ಆಳುಗಳ ಗುಡಿಸಲು. ಅಲ್ಲಿಯ ಆಳುಗಳು ಮಣ್ಣಿಗೆ ಕಟ್ಟಿದ ಜೀತದವರು. ದೊರೆಯ ಅಪ್ಪಣೆ ಇಲ್ಲದೆ ಊರು ಬಿಡುವ ಹಾಗಿಲ್ಲ.

1820ರಲ್ಲಿ ಆ ಜೀತವನ್ನು ರದ್ದು ಮಾಡಿದರು. ಎಲ್ಲರೂ ಸಂತೋಷಪಟ್ಟಿರಬೇಕು ಅಲ್ಲವೇ? ಆದರೆ ನೋಡಿರಿ, ಆಳಿಗೆ ಬಿಡುಗಡೆ ಕೊಟ್ಟರು, ಮನೆ ಕೊಡಲಿಲ್ಲ, ಭೂಮಿ ಕೊಡಲಿಲ್ಲ. ದೊರೆ ಕೆಲಸದಿಂದ ತೆಗೆದರೆ ಗುಡಿಸಲೂ ಹೋಯಿತು. ವಾಸದ ಹಕ್ಕು ಇಲ್ಲದವನು ಮದುವೆಯಾಗುವುದೂ ಕಷ್ಟವಾಯಿತು. ಆ ಹಕ್ಕು ಕೊಡುವವನು ಮತ್ತೆ ಅದೇ ದೊರೆ. ಕೆಲಸ ಬೇಕಾದರೆ ಮನೆಯವರಲ್ಲದೆ ಇನ್ನೊಂದು ಆಳನ್ನೂ ತಾನೇ ಒದಗಿಸಬೇಕು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಹಡಗು ಹತ್ತಿ ಅಮೆರಿಕಕ್ಕೆ ಹೊರಟುಹೋದವು.

1945ರಲ್ಲಿ ಯುದ್ಧ ಮುಗಿದ ಮೇಲೆ ನೂರು ಹೆಕ್ಟೇರಿಗಿಂತ ದೊಡ್ಡ ಜಮೀನುಗಳನ್ನು ಅಲ್ಲಿ ಕಿತ್ತುಕೊಂಡು ಹಂಚಿದರು. ದೊಡ್ಡ ಮನೆಗಳೊಳಗೆ ಯುದ್ಧದಲ್ಲಿ ಊರು ಕಳೆದುಕೊಂಡ ನಿರಾಶ್ರಿತರು ಬಂದು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಹೂಡಿದರು. ಮುಂದೆ ಕೆಲವು ಶಾಲೆಯಾದವು, ಕೆಲವು ಶಿಶುವಿಹಾರವಾದವು, ಕೆಲವು ಅಂಗಡಿಯಾದವು. ಜರ್ಮನಿ ಒಂದಾದ ಮೇಲೆ, 1990ರ ನಂತರ, ಕೆಲವನ್ನು ಕೊಂಡು ಹೋಟೆಲು ಮಾಡಿದರು, ಕೆಲವು ಪಾಳುಬಿದ್ದವು. ಕೆರೆಯ ನಡುವಿನ ನಡುಗಡ್ಡೆಯಲ್ಲಿರುವ ಶ್ವೆರೀನ್ ಅರಮನೆಯಲ್ಲಿ ಈಗ ಆ ರಾಜ್ಯದ ಶಾಸನಸಭೆ ಕೂರುತ್ತದೆ. ಸಾಂಗಲಿಯಲ್ಲಿ ಆದದ್ದೇ ಅಲ್ಲಿಯೂ ಆಯಿತು. ಜನರಿಗೆ ಉಪಯೋಗಕ್ಕೆ ಬಂದ ಮನೆ ಉಳಿಯಿತು, ಬಾರದ ಮನೆಯ ಮಾಡು ಕುಸಿಯಿತು.

ನಾನು ಈ ದೂರದ ಕಥೆ ಹೇಳಿದ್ದು ಆ 1820ರ ಮಾತಿಗಾಗಿ. ನಮ್ಮ ದೇಶದಲ್ಲಿ 1951ರ ತೋಟ ಕಾರ್ಮಿಕರ ಕಾಯಿದೆ ಬಂದು, ಕೆಲಸದಲ್ಲಿರುವವರಿಗೆ ಮಾಲೀಕರು ಮನೆ ಕೊಡಬೇಕು ಎಂದಿತು. ದೊಡ್ಡ ಉಪಕಾರವಾಯಿತು. ಆದರೆ ಆ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ನಿಮ್ಮಲ್ಲಿ ಎಷ್ಟೋ ಜನ ಲೈನ್ ಮನೆಯಲ್ಲಿ ಹುಟ್ಟಿ, ಲೈನ್ ಮನೆಯಲ್ಲಿ ಮದುವೆಯಾಗಿ, ಅರವತ್ತು ತುಂಬಿದ ದಿನ 'ಇನ್ನು ಎಲ್ಲಿಗೆ?' ಎಂದು ಕೇಳಿಕೊಂಡವರು. ಆ ಅಜ್ಜಿಗೂ ಅದೇ ಚಿಂತೆ ಎಂದು ನಿನ್ನೆ ಬಸ್ಸಿನಲ್ಲಿ ನನಗೆ ಹೇಳಿದರು. ನಲವತ್ತು ವರ್ಷ ಗುಡಿಸಿದ ಬಂಗಲೆ ಅವರದಲ್ಲ, ಮಲಗಿದ ಲೈನ್ ಮನೆಯೂ ಅವರದಲ್ಲ.

ಆದ್ದರಿಂದ ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಬರೆದಿಡಿರಿ. ನಿಮ್ಮ ಅಜ್ಜ ಯಾವ ಊರಿನಿಂದ ತೋಟಕ್ಕೆ ಬಂದರು, ಯಾವ ವರ್ಷ ಬಂದರು, ಯಾವ ಮೇಸ್ತ್ರಿ ಕರೆತಂದ, ಯಾವ ಗುಡ್ಡದಲ್ಲಿ ಕಾಡು ಕಡಿದು ಗಿಡ ನೆಟ್ಟರು. ಮನೆಯಲ್ಲಿ ವಯಸ್ಸಾದವರು ಇರುವಾಗಲೇ ಕೇಳಿರಿ. ಓದು ಬಂದ ಮಕ್ಕಳು ಒಂದು ನೋಟು ಪುಸ್ತಕದಲ್ಲಿ ಬರೆಯಲಿ. ರೈಟರ ರಿಜಿಸ್ಟರಿನಲ್ಲಿ ನಿಮ್ಮ ಹಾಜರಿ ಇರುತ್ತದೆ, ನಿಮ್ಮ ಕಥೆ ಇರುವುದಿಲ್ಲ.

ಎರಡು, ಕಾಗದ ಜೋಪಾನ. ಕೆಲಸಕ್ಕೆ ಸೇರಿದ ಚೀಟಿ, ಭವಿಷ್ಯನಿಧಿಯ ಕಾಗದ, ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ಇವೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಇರಲಿ. ಸಾಂಗಲಿಯಲ್ಲಿ 2019ರಲ್ಲಿ ಕೃಷ್ಣೆ ಅರ್ವಿನ್ ಸೇತುವೆಯ ಹತ್ತಿರ 57 ಅಡಿ ದಾಟಿ ಬಂದಾಗ, ಸಾವಿರಾರು ಮನೆಗಳೊಳಗೆ ನೀರು ನುಗ್ಗಿತು. ಅಂಥ ದಿನ ಕಾಗದ ಕಳೆದುಕೊಂಡವನು ನೀರು ಇಳಿದ ಮೇಲೂ ಅಲೆಯಬೇಕು. ಪೆಟ್ಟಿಗೆಯನ್ನು ಅಟ್ಟದ ಮೇಲಿಡಿರಿ.

ಮೂರು, ಸ್ವಂತ ಹೊಸಿಲು. ಎರಡು ಸೆಂಟು ಜಾಗವಾದರೂ ಸರಿ, ಹೆಂಡತಿಯ ಹೆಸರೂ ಸೇರಿದ ಹಕ್ಕುಪತ್ರ ಇರಲಿ. ಒಬ್ಬೊಬ್ಬರಾಗಿ ಕೇಳಿದರೆ ಕಚೇರಿಯವರು ನಾಳೆ ಬಾ ಎನ್ನುತ್ತಾರೆ. ಲೈನಿನವರೆಲ್ಲ ಸೇರಿ ಒಂದೇ ಅರ್ಜಿ ಹಿಡಿದು ಹೋಗಿರಿ. ಕುಡಿತಕ್ಕೂ ಮದುವೆಯ ಆಡಂಬರಕ್ಕೂ ಹೋಗುವ ದುಡ್ಡಿನಲ್ಲಿ ಎಷ್ಟು ಇಟ್ಟಿಗೆ ಬರುತ್ತದೆಂದು ಗಂಡಸರು ಇವತ್ತು ರಾತ್ರಿ ಒಮ್ಮೆ ಲೆಕ್ಕ ಹಾಕಿ ನೋಡಲಿ. ಸಿಟ್ಟು ಮಾಡಿಕೊಳ್ಳಬೇಡಿರಿ, ಮನೆಯವನಾಗಿ ಹೇಳುತ್ತಿದ್ದೇನೆ.

ಅಜ್ಜಿ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಸಾಂಗಲಿಯ ವಾಡೆ ಗುಡಿಸಿದವರ ಹೆಸರು ಇನ್ನು ಸಿಗಲಾರದು. ನಿಮ್ಮ ತೋಟದ ಬಂಗಲೆ ಗುಡಿಸಿದವರ ಹೆಸರು ನಮಗೆ ಗೊತ್ತಿದೆ. ನಿಮ್ಮ ಮೊಮ್ಮಗಳು ಅಲ್ಲಿ ಎರಡನೇ ಸಾಲಿನಲ್ಲಿ ಪೆನ್ನು ಹಿಡಿದು ಕೂತಿದ್ದಾಳೆ. ಆ ನೋಟು ಪುಸ್ತಕದ ಮೊದಲ ಹಾಳೆಯಲ್ಲಿ ಆ ಹೆಸರನ್ನು ಅವಳೇ ಬರೆಯಲಿ.