ಹಳೆಯ ಆಸಿಲೋಸ್ಕೋಪ್ ಮತ್ತು ಮರಾಮತ್ತಿನ ವಿದ್ಯೆ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಭಾಷಣದ ಬರಹರೂಪ)

 

ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಯಂತ್ರದ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಆದ್ದರಿಂದ ಒಂದು ಪದದಿಂದಲೇ ಶುರು ಮಾಡುತ್ತೇನೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ರಸ್ತೆ, ಕಟ್ಟಡಗಳ ಕೆಲಸ ನೋಡಿಕೊಳ್ಳುತ್ತಿದ್ದ ಇಲಾಖೆಯನ್ನು ಜನ ಮರಾಮತ್ತು ಇಲಾಖೆ ಎನ್ನುತ್ತಿದ್ದರು. ಅರಬ್ಬಿಯಲ್ಲಿ ಹುಟ್ಟಿ ಫಾರಸಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದ ಪದ ಅದು. ‘ದುರಸ್ತಿ’ಯೂ ಹಾಗೆಯೇ. ಫಾರಸಿಯಲ್ಲಿ ದುರುಸ್ತ್ ಎಂದರೆ ಸರಿಯಾಗಿರುವುದು, ನೆಟ್ಟಗಿರುವುದು. ಪದ ನಮ್ಮ ಮನೆಯದು, ಕೆಲಸವೂ ನಮ್ಮವರಲ್ಲಿ ಅನೇಕರದು. ಗ್ಯಾರೇಜು, ಮೋಟಾರ್ ವೈಂಡಿಂಗ್, ಟಿವಿ ರಿಪೇರಿ, ಗುಜರಿ ವ್ಯಾಪಾರಗಳಲ್ಲಿ ನಮ್ಮ ಪೇಟೆಗಳ ಎಷ್ಟೋ ಮನೆಗಳ ಅನ್ನವಿದೆ. ಆದರೆ ಆ ಕೈಗಳಲ್ಲಿರುವ ವಿದ್ಯೆ ನಮ್ಮ ಶಾಲಾಕೊಠಡಿಯ ಒಳಗೆ ಬಂದದ್ದು ಕಡಿಮೆ.

ಈಗ ಯಂತ್ರಕ್ಕೆ ಬರೋಣ. ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ. ಅದರ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣವೇ ಆಸಿಲೋಸ್ಕೋಪ್. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ ಕ್ಯಾಥೋಡ್ ಕಿರಣದ ಕೊಳವೆ ಇದರ ಮೂಲ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಒಂದು ಅಲೆಗೆ 20 ಮಿಲಿಸೆಕೆಂಡು. ಅದನ್ನು ಪುಸ್ತಕದಲ್ಲಿ ಓದುವುದು ಬೇರೆ, ಪರದೆಯ ಮೇಲೆ ನೋಡುವುದು ಬೇರೆ.

1990ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಡಿಜಿಟಲ್ ಆಸಿಲೋಸ್ಕೋಪುಗಳ ಒಳಗೆ ಸಾಮಾನ್ಯ ಕಂಪ್ಯೂಟರನ್ನೇ ಕೂರಿಸತೊಡಗಿದರು. 1997ರಲ್ಲಿ ಎಚ್‌ಪಿ ಕಂಪನಿ ತಂದ ಇನ್ಫಿನಿಯಂ ಸರಣಿಯ ಹೊಟ್ಟೆಯಲ್ಲಿ ವಿಂಡೋಸ್ 95 ಓಡುತ್ತಿತ್ತು. ಟೆಕ್ಟ್ರಾನಿಕ್ಸ್, ಲೆಕ್ರಾಯ್ ಕಂಪನಿಗಳೂ ವಿಂಡೋಸ್ ಆಧಾರಿತ ಉಪಕರಣಗಳನ್ನು ತಂದವು. ಎಚ್‌ಪಿಯ ಆ ವಿಭಾಗ 1999ರಲ್ಲಿ ಅಜಿಲೆಂಟ್, 2014ರಲ್ಲಿ ಕೀಸೈಟ್ ಎಂದು ಹೆಸರು ಬದಲಿಸಿತು. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2006ರಲ್ಲಿ, ಎಕ್ಸ್‌ಪಿಗೆ 2014ರಲ್ಲಿ ನಿಂತುಹೋಯಿತು. ಅಳೆಯುವ ಭಾಗ ಗಟ್ಟಿಯಾಗಿಯೇ ಇದೆ, ಅದರ ಜೊತೆಗಿನ ಕಂಪ್ಯೂಟರ್ ಮುದಿಯಾಗಿದೆ. ಇಂಥ ಉಪಕರಣಗಳು ಪ್ರಯೋಗಾಲಯಗಳ ಮೂಲೆ ಸೇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಈ ಎರಡು ಭಾಗಗಳ ವ್ಯತ್ಯಾಸ ಕಾಫಿ ಸೀಮೆಯ ಮಕ್ಕಳಿಗೆ ಸುಲಭವಾಗಿ ತಿಳಿಯುತ್ತದೆ. ಹಣ್ಣು ಕೊಯ್ಯುವಾಗ ಹಸಿಕಾಯಿ ಬೆರೆತರೆ ಆಮೇಲೆ ಎಷ್ಟು ಹೊಸ ಪಲ್ಪರ್ ತಂದರೂ ಬೀಜದ ಗುಣ ಏರುವುದಿಲ್ಲ. ಆಸಿಲೋಸ್ಕೋಪಿನಲ್ಲಿ ಕೊಯ್ಲು ಮಾಡುವುದು ಅಳತೆಯ ಬೋರ್ಡು. ಅದು ಸೆಕೆಂಡಿಗೆ 200 ಕೋಟಿ ಸಲ ವೋಲ್ಟೇಜನ್ನು ಹಿಡಿದು ಅಂಕಿ ಮಾಡುವಂಥದ್ದಾದರೆ, ಮದರ್‌ಬೋರ್ಡ್ ಬದಲಿಸಿದ ಮೇಲೂ ಅಷ್ಟೇ. ಕಂಪ್ಯೂಟರಿನ ಪಾಲು ಆ ಅಂಕಿಗಳನ್ನು ಲೆಕ್ಕ ಹಾಕಿ, ಗೆರೆ ಎಳೆದು, ಉಳಿಸಿಡುವುದು. ಅದನ್ನು ಉತ್ತಮಗೊಳಿಸಿದರೆ ಉಪಕರಣ ಬೇಗ ಏಳುತ್ತದೆ, ದೊಡ್ಡ ಫೈಲುಗಳು ತಡವರಿಸದೆ ಉಳಿಯುತ್ತವೆ, ಬಟನ್ ಒತ್ತಿ ಕಾಯುವ ಕಾಟ ತಪ್ಪುತ್ತದೆ. ಬ್ಯಾಂಡ್‌ವಿಡ್ತ್ ಹೆಚ್ಚಿಸಿಕೊಡುತ್ತೇನೆ ಎಂದು ಯಾರಾದರೂ ಮದರ್‌ಬೋರ್ಡ್ ಮಾರಲು ಬಂದರೆ ನಂಬಬೇಡಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿಪ್ಲೊಮಾ ಓದುತ್ತಿದ್ದಾಳೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಐದಾರು ಜನಕ್ಕೆ ಒಂದು ಆಸಿಲೋಸ್ಕೋಪ್. ಗುಂಪಿನಲ್ಲಿ ನಾಬ್ ತಿರುಗಿಸುವವರು ಯಾವಾಗಲೂ ಒಬ್ಬಿಬ್ಬರು ಹುಡುಗರೇ, ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುವುದು ಇವಳ ಪಾಲು. ಅದೇ ಕೊಠಡಿಯ ಮೂಲೆಯಲ್ಲಿ ವಿಂಡೋಸ್ ಏಳದ ಒಂದು ದೊಡ್ಡ ಉಪಕರಣ ಗುಜರಿ ಪಟ್ಟಿಗೆ ಸೇರಿತ್ತು. ಉಪನ್ಯಾಸಕರಿಂದ ಬರವಣಿಗೆಯಲ್ಲೇ ಅನುಮತಿ ಪಡೆದು, ಟಿವಿ ರಿಪೇರಿ ಮಾಡುವ ತನ್ನ ಮಾಮೂವನ್ನು ಕರೆದುಕೊಂಡು ಹೋದಳು. ಮಾಮೂಗೆ ಇಂಗ್ಲಿಷ್ ಸರ್ವಿಸ್ ಮ್ಯಾನ್ಯುಯಲ್ ಓದಲು ಬಾರದು, ಇವಳಿಗೆ ಸ್ಕ್ರೂಡ್ರೈವರ್ ಹಿಡಿದು ರೂಢಿಯಿಲ್ಲ.

“ಮಾಮೂ, ಬಿಚ್ಚೋಕೆ ಮುಂಚೆ ಇದನ್ನ ಓದ್ತೀನಿ, ಕೇಳಿ” ಎಂದಳಂತೆ.

“ಓದು ಬೇಟಿ, ಆದರೆ ಮೊದಲು ಪ್ಲಗ್ ತೆಗಿ” ಎಂದರಂತೆ ಅವರು.

ಈ ಎರಡು ಮಾತುಗಳಲ್ಲಿ ಅರ್ಧ ವಿದ್ಯೆ ಇದೆ. 230 ವೋಲ್ಟಿನ ಕರೆಂಟು ಪವರ್ ಸಪ್ಲೈ ಒಳಗೆ ನೇರ ವಿದ್ಯುತ್ತಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಪವರ್ ಸಪ್ಲೈ ಡಬ್ಬಿಯನ್ನು ಅನುಭವಿಗಳಿಲ್ಲದೆ ತೆರೆಯಲೇಬಾರದು.

ಅವರು ಕಂಡುಕೊಂಡದ್ದು ಹಾರ್ಡ್ ಡಿಸ್ಕಿನ ಮುದಿತನ. ಇಲ್ಲಿ ಅವಸರ ಪಟ್ಟರೆ ಕೆಟ್ಟೆವು. ಆಸಿಲೋಸ್ಕೋಪನ್ನು ನಡೆಸುವ ತಯಾರಕರ ತಂತ್ರಾಂಶ ಆ ಡಿಸ್ಕಿನಲ್ಲಿದೆ. ಕೆಲವು ಉಪಕರಣಗಳಲ್ಲಿ ಕ್ಯಾಲಿಬ್ರೇಶನ್ ಅಂಕಿಗಳೂ ಅಲ್ಲೇ ಇರುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಯಾವ ವಿಂಡೋಸ್ ಸಿಡಿಯಲ್ಲೂ ಅವು ಸಿಗುವುದಿಲ್ಲ. ಆದ್ದರಿಂದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ನಕಲು ತೆಗೆಯುವುದೇ ಮೊದಲ ಕೆಲಸ. ಚೆನ್ನಾಗಿರುವ ಡಿಸ್ಕಿಗೆ ಕ್ಲೋನ್‌ಜಿಲ್ಲಾ, ಕೆಡುತ್ತಿರುವ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದೆ, ಎರಡೂ ಉಚಿತ. ಆ ನಕಲನ್ನು ಇನ್ನೂ ಎರಡು ಕಡೆ ಇಟ್ಟುಕೊಂಡ ಮೇಲೆ ಹೊಸ ಡಿಸ್ಕಿನ ಮಾತು.

ಹಳೆಯ ಯಂತ್ರದಲ್ಲಿರುವುದು ಅಗಲ ಪಟ್ಟಿಯ ಐಡಿಇ ಕೇಬಲ್. ಅದಕ್ಕೆ ಅಡಾಪ್ಟರ್ ಹಾಕಿ ಸಾಟಾ ಎಸ್‌ಎಸ್‌ಡಿ ಜೋಡಿಸಬಹುದು. ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನೂ ಸರಳ ಅಡಾಪ್ಟರಿನಲ್ಲಿ ಡಿಸ್ಕಿನಂತೆ ಬಳಸಬಹುದು, ಆದರೆ ವಿಂಡೋಸ್ ಎಡೆಬಿಡದೆ ಬರೆಯುವುದರಿಂದ ಅದು ಬೇಗ ಸವೆಯುತ್ತದೆ. ನನ್ನ ಮತ ಎಸ್‌ಎಸ್‌ಡಿಗೆ. ದೊಡ್ಡದು ಬೇಡ. ಆ ಕಾಲದ ಕೆಲವು ಬಯೋಸ್‌ಗಳು 32 ಜಿಬಿ ದಾಟಿದರೆ ನಿಂತುಬಿಡುತ್ತಿದ್ದವು, ಇನ್ನು ಕೆಲವಕ್ಕೆ 137 ಜಿಬಿಯೇ ಮಿತಿ. ಮೆಮೊರಿ ಹೆಚ್ಚಿಸುವಾಗಲೂ ಮದರ್‌ಬೋರ್ಡ್ ಎಷ್ಟನ್ನು, ಎಂಥದ್ದನ್ನು ಒಪ್ಪುತ್ತದೆ ಎಂದು ನೋಡಿಯೇ ಕೊಳ್ಳಬೇಕು. ಅಂಥ ಹಳೆಯ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹುಡುಕಬೇಕಾದೀತು, ಒಂದು ದಿನದ ಪಾದಯಾತ್ರೆ ಎಂದೇ ತಿಳಿಯಿರಿ.

ಮದರ್‌ಬೋರ್ಡನ್ನೇ ಬದಲಿಸುವುದು ಕೊನೆಯ ಮಾತು. ಅಳತೆಯ ಬೋರ್ಡಿಗೆ ಸಂಪರ್ಕ ಕೊಡುವ ಕಾರ್ಡು ಹಳೆಯ ಪಿಸಿಐ ಸ್ಲಾಟಿನದಾಗಿದ್ದರೆ ಇಂದಿನ ಬೋರ್ಡುಗಳಲ್ಲಿ ಆ ಸ್ಲಾಟು ಸಿಗುವುದು ಅಪರೂಪ. ಸಿಕ್ಕಿದರೂ ಹಳೆಯ ವಿಂಡೋಸ್‌ಗೆ ಹೊಸ ಬೋರ್ಡಿನ ಡ್ರೈವರ್ ಇರದೆ ನೀಲಿ ಪರದೆ ಎದುರಾಗಬಹುದು. ಬೋರ್ಡು ಸತ್ತೇಹೋಗಿದ್ದರೆ ಅದೇ ಕಾಲದ, ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದನ್ನು ಹುಡುಕುವುದು ಜಾಣತನ. 2000ದ ಆಸುಪಾಸಿನ ಅನೇಕ ಬೋರ್ಡುಗಳಲ್ಲಿ ಉಬ್ಬಿ ಸೋರುವ ಕೆಪಾಸಿಟರುಗಳೇ ರೋಗ. ಬೆಸುಗೆ ಬಲ್ಲ ಮಾಮೂ ಇದ್ದರೆ ಅದಕ್ಕೆ ಅಲ್ಲೇ ಮದ್ದು.

ನಮ್ಮ ಹವೆಯ ಮಾತೂ ಹೇಳಬೇಕು. ದೇವರಮನೆಯ ಕಡೆಯಿಂದ ಮಂಜು ಇಳಿದು ಮಳೆ ಹಿಡಿದರೆ ಮೂಡಿಗೆರೆ ಸೀಮೆಯಲ್ಲಿ ಪುಸ್ತಕಕ್ಕೇ ಬೂಷ್ಟು ಬರುತ್ತದೆ, ಕನೆಕ್ಟರುಗಳಿಗೆ ಕಿಲುಬು ಹಿಡಿಯುವುದು ಏನು ಹೆಚ್ಚು? ಮಳೆಗಾಲದಲ್ಲಿ ಆಗಾಗ ಒಂದು ಗಂಟೆ ಚಾಲೂ ಮಾಡಿಟ್ಟರೆ ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಸಮಯ ನೆನಪಿಡುವ ನಾಣ್ಯದಾಕಾರದ ಬ್ಯಾಟರಿಯನ್ನೂ ಬದಲಿಸಿ. ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಆಸಿಲೋಸ್ಕೋಪನ್ನು ಎಂದೂ ಹಾಕಬೇಡಿ, ಸಾಮಾನ್ಯವಾಗಿ ಪ್ರೋಬಿನ ನೆಲದ ತಂತಿ ಆ ಅರ್ಥಿಂಗ್‌ಗೇ ಸೇರಿರುತ್ತದೆ. ಎಕ್ಸ್‌ಪಿ ಓಡುವ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸುವುದೂ ಬೇಡ.

ಆ ಹುಡುಗಿಯ ಉಪಕರಣ ಎದ್ದಿತು. ಈಗ ಆ ಕೊಠಡಿಯಲ್ಲಿ ಒಂದು ಮೇಜು ಹೆಚ್ಚಾಗಿದೆ, ನಾಬ್ ಅವಳ ಕೈಯಲ್ಲಿದೆ.

ಸಂಘದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ವಿದ್ಯಾರ್ಥಿವೇತನದ ಜೊತೆಗೆ ಒಂದು ಕೊಠಡಿ, ಸರಿಯಾದ ಅರ್ಥಿಂಗ್ ಇರುವ ಒಂದು ಮೇಜು, ಒಂದು ಬೆಸುಗೆ ಕಡ್ಡಿ ಕೊಡಿ. ಭಾನುವಾರ ಎರಡು ಗಂಟೆ ಪೇಟೆಯ ಮೆಕ್ಯಾನಿಕ್ ಭಾಯಿಗಳನ್ನು ಉಸ್ತಾದರೆಂದು ಗೌರವದಿಂದ ಕರೆಯಿರಿ, ಗೌರವಧನವನ್ನೂ ಕೊಡಿ. ಮ್ಯಾನ್ಯುಯಲ್ ಓದಿ ಕನ್ನಡದಲ್ಲಿ, ಉರ್ದುವಿನಲ್ಲಿ ಹೇಳುವ ಕೆಲಸ ನಮ್ಮ ಮಕ್ಕಳದಾಗಲಿ, ಅದಕ್ಕೆ ನಾನೂ ಕೂರುತ್ತೇನೆ. ಕಾಲೇಜುಗಳು ಗುಜರಿಗೆ ಹಾಕುವ ಉಪಕರಣಗಳನ್ನು ನಿಯಮದಂತೆ ಹರಾಜಿನಲ್ಲೇ ಪಡೆಯೋಣ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಯಂತ್ರ ಎದ್ದ ಕೂಡಲೇ ಅಳೆಯಲು ಕೂರಬೇಡಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಅದರೊಳಗಿನ ಸ್ವಯಂ ಕ್ಯಾಲಿಬ್ರೇಶನ್ ನಡೆಸಿ. ಬಳಿಕ ಮುಂಭಾಗದಲ್ಲಿರುವ ಪರೀಕ್ಷಾ ಕೊಂಡಿಗೆ ಪ್ರೋಬ್ ಸಿಕ್ಕಿಸಿದರೆ ಚೌಕದ ಅಲೆ ಕಾಣಬೇಕು. ಮೂಲೆ ದುಂಡಗಿದ್ದರೆ ಅಥವಾ ಕೊಂಬಿನಂತೆ ಎದ್ದಿದ್ದರೆ ಪ್ರೋಬಿನ ಪುಟ್ಟ ಸ್ಕ್ರೂವನ್ನು ಪ್ಲಾಸ್ಟಿಕ್ ಕಡ್ಡಿಯಿಂದ ತಿರುಗಿಸಿ ಮೂಲೆ ನೆಟ್ಟಗೆ ಮಾಡಿ. ಏನೇನು ಬದಲಿಸಿದಿರಿ, ಯಾವ ದಿನ, ಡಿಸ್ಕಿನ ನಕಲು ಎಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿ.