ಬುರುಡೆ ಮುಚ್ಚುವ ಎರಡನೆಯ ಆಪರೇಷನ್
(ದತ್ತಿ ಉಪನ್ಯಾಸದ ಲಿಖಿತ ರೂಪ)



ತಲೆಗೆ ಬಲವಾದ ಪೆಟ್ಟು ಬಿದ್ದಾಗ, ಅಥವಾ ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಾಗ, ಮಿದುಳು ಊದಿಕೊಳ್ಳುತ್ತದೆ. ಕಾಲು ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಮಾಡಿಕೊಡುತ್ತದೆ, ಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರುತ್ತಾ ಹೋಗಿ ಮಿದುಳಿಗೆ ರಕ್ತವೇ ಹರಿಯದ ಸ್ಥಿತಿ ಬರುತ್ತದೆ. ಆಗ ನಾವು ಅಂಗೈಗಿಂತ ದೊಡ್ಡದಾದ ಮೂಳೆಯ ತುಂಡೊಂದನ್ನು ಕತ್ತರಿಸಿ ತೆಗೆದು, ಚರ್ಮವನ್ನಷ್ಟೇ ಹೊಲಿದು ಬಿಡುತ್ತೇವೆ. ಜೀವ ಉಳಿಸುವ ಆಪರೇಷನ್ ಅದು. ಅದರ ಬಗ್ಗೆ ಉಪನ್ಯಾಸಗಳು ಬೇಕಾದಷ್ಟು ನಡೆದಿವೆ. ತಿಂಗಳುಗಳ ನಂತರ ಆ ಕಿಂಡಿಯನ್ನು ಮುಚ್ಚುವ ಎರಡನೆಯ ಆಪರೇಷನ್ನಿಗೆ ಕ್ರೇನಿಯೋಪ್ಲಾಸ್ಟಿ ಎಂದು ಹೆಸರು. ಎಷ್ಟೋ ಕಡೆ ಅದು ದಿನದ ಪಟ್ಟಿಯ ಕೊನೆಯಲ್ಲಿರುತ್ತದೆ, ಕಿರಿಯರ ಕೈಗೆ ಹೋಗುತ್ತದೆ. ನಾನು ಮಾತಾಡಲು ಬಂದಿರುವುದು ಆ ಕೊನೆಯ ಸಾಲಿನ ಬಗ್ಗೆ.

ಮೊದಲ ಆಪರೇಷನ್ನಿನ ಸಂಶೋಧನೆಯಿಂದಲೇ ಆರಂಭಿಸಬೇಕು, ಏಕೆಂದರೆ ಏನನ್ನು ಎಣಿಸಬೇಕೆಂಬ ಪಾಠ ಅಲ್ಲಿದೆ. 2011ರಲ್ಲಿ ಆಸ್ಟ್ರೇಲಿಯದವರ ನೇತೃತ್ವದ ಡೆಕ್ರಾ ಅಧ್ಯಯನ 155 ರೋಗಿಗಳ ಫಲಿತಾಂಶ ಪ್ರಕಟಿಸಿತು. ಮೂಳೆ ತೆಗೆದವರಲ್ಲಿ ಒತ್ತಡವೇನೋ ಚೆನ್ನಾಗಿ ಇಳಿಯಿತು; ಆದರೆ ಆರು ತಿಂಗಳ ನಂತರ ನೋಡಿದರೆ ಔಷಧದಲ್ಲೇ ಇದ್ದವರಿಗಿಂತ ಅವರ ಸ್ಥಿತಿ ಕೆಟ್ಟಿತ್ತು. 2016ರಲ್ಲಿ ಕೇಂಬ್ರಿಜ್‌ನಿಂದ ರೆಸ್ಕ್ಯೂ ಐಸಿಪಿ ಬಂತು. 408 ರೋಗಿಗಳು, ಒತ್ತಡ ಇನ್ನೂ ಹೆಚ್ಚಿದ್ದು ಬೇರೆ ಚಿಕಿತ್ಸೆಗೆ ಬಗ್ಗದವರು. ಔಷಧದ ಗುಂಪಿನಲ್ಲಿ ಆರು ತಿಂಗಳೊಳಗೆ ಸತ್ತವರು ಶೇ. 48.9, ಆಪರೇಷನ್ ಗುಂಪಿನಲ್ಲಿ ಶೇ. 26.9. ಆದರೆ ಪ್ರಜ್ಞೆಯಿಲ್ಲದೆ ಕಣ್ಣು ಬಿಟ್ಟುಕೊಂಡು ಮಲಗಿರುವ ಸ್ಥಿತಿಯಲ್ಲಿ ಉಳಿದವರು ಶೇ. 2.1ರಿಂದ 8.5ಕ್ಕೆ ಏರಿದರು. ಬದುಕಿದವರ ಸಂಖ್ಯೆ ಮತ್ತು ಬದುಕಿನ ಲೆಕ್ಕ ಎರಡೂ ಬೇರೆ ಬೇರೆ ಎಂದು ಒಪ್ಪಿಕೊಂಡೇ ಈ ಅಧ್ಯಯನ ವರದಿ ಕೊಟ್ಟಿತು. ಎರಡನೆಯ ಆಪರೇಷನ್ನಿಗೆ ಈ ಪ್ರಾಮಾಣಿಕತೆ ಬರುವುದು ತಡವಾಯಿತು.

ತಡವಾಗಲು ಕಾರಣ, ಅದು ಚಂದಕ್ಕಾಗಿ ಮಾಡುವ ಕೆಲಸವೆಂಬ ಭಾವನೆ. ತಲೆಯ ಒಂದು ಮಗ್ಗುಲು ಗುಳಿ ಬಿದ್ದಿರುತ್ತದೆ, ಮದುವೆ ಮುಂಜಿಗೆ ಹೋಗಲು ಹುಡುಗ ನಾಚಿಕೊಳ್ಳುತ್ತಾನೆ, ಸರಿ, ಮುಚ್ಚಿ ಕಳಿಸೋಣ. (ನಾಚಿಕೆಯನ್ನು ಸಣ್ಣ ಕಾಯಿಲೆ ಎಂದುಕೊಂಡವರು ಇಪ್ಪತ್ತೈದರ ಹುಡುಗನ ಜೊತೆ ಹತ್ತು ನಿಮಿಷ ಕೂತು ಮಾತಾಡಿರಲಾರರು.) ಆದರೆ 1939ರಷ್ಟು ಹಿಂದೆಯೇ ಗ್ರಾಂಟ್ ಮತ್ತು ನಾರ್‌ಕ್ರಾಸ್ ಎಂಬ ಅಮೆರಿಕದ ವೈದ್ಯರು ಇಂಥ ರೋಗಿಗಳ ತಲೆನೋವು, ತಲೆಸುತ್ತು, ಭಯ, ಖಿನ್ನತೆಗಳನ್ನು ಒಟ್ಟುಗೂಡಿಸಿ ವಿವರಿಸಿದ್ದರು. 1977ರಲ್ಲಿ ಜಪಾನಿನ ಯಾಮಾವುರಾ ಮತ್ತು ಮಾಕಿನೊ ಚರ್ಮ ಒಳಕ್ಕೆ ಕುಸಿಯುವುದಕ್ಕೂ ಕೈಕಾಲಿನ ಶಕ್ತಿ ಕುಂದುವುದಕ್ಕೂ ಇರುವ ನಂಟನ್ನು ತೋರಿಸಿದರು. ಮೂಳೆಯಿಲ್ಲದ ಕಡೆ ಹೊರಗಿನ ಗಾಳಿಯ ಒತ್ತಡ ನೇರವಾಗಿ ಮಿದುಳನ್ನು ಅದುಮುತ್ತದೆ, ಮಿದುಳಿನ ದ್ರವದ ಹರಿವು ಬದಲಾಗುತ್ತದೆ, ಕೆಳಗಿನ ರಕ್ತಸಂಚಾರ ತಗ್ಗುತ್ತದೆ. ರೋಗಿ ಎದ್ದು ಕೂತರೆ ಮಂಕಾಗುತ್ತಾನೆ, ಮಲಗಿಸಿದರೆ ಚೇತರಿಸಿಕೊಳ್ಳುತ್ತಾನೆ. ಬುರುಡೆ ಮುಚ್ಚಿದ ಕೆಲವೇ ದಿನಗಳಲ್ಲಿ ತೊದಲುತ್ತಿದ್ದ ಮಾತು ತಿಳಿಯಾಗುವುದನ್ನು, ಎಳೆಯುತ್ತಿದ್ದ ಕಾಲು ಎತ್ತಿ ಇಡುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂಬುದನ್ನು ಮೊದಲೇ ಹೇಳುವುದು ಇಂದಿಗೂ ಕಷ್ಟ.

ಇನ್ನು ಯಾವುದರಿಂದ ಮುಚ್ಚಬೇಕು? 1668ರಲ್ಲಿ ಡಚ್ ವೈದ್ಯ ವಾನ್ ಮೇಕರೆನ್ ದಾಖಲಿಸಿದ ಪ್ರಸಂಗದಲ್ಲಿ, ರಷ್ಯದ ಶ್ರೀಮಂತನೊಬ್ಬನ ಬುರುಡೆಗೆ ನಾಯಿಯ ಬುರುಡೆಯ ತುಂಡು ಕೂರಿಸಲಾಗಿತ್ತು. ಇಗರ್ಜಿ ಅವನಿಗೆ ಬಹಿಷ್ಕಾರ ಹಾಕಿತು. ತೆಗೆಸಿಕೊಳ್ಳಲು ಹೋದರೆ ಅದು ಆಗಲೇ ಕೂಡಿಕೊಂಡುಬಿಟ್ಟಿತ್ತಂತೆ! ಆಮೇಲೆ ಚಿನ್ನ, ಬೆಳ್ಳಿ, ಸೆಲ್ಯುಲಾಯ್ಡ್, ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಟಲಮ್, ಹಲ್ಲಿನ ವೈದ್ಯರೂ ಬಳಸುವ ಅಕ್ರಿಲಿಕ್, ಕೊನೆಗೆ ಟೈಟಾನಿಯಂ ಬಂದವು. ಇಷ್ಟೆಲ್ಲ ಇದ್ದರೂ ಶಸ್ತ್ರವೈದ್ಯರ ಮನಸ್ಸು ಒಲಿದದ್ದು ರೋಗಿಯ ಸ್ವಂತ ಮೂಳೆಗೇ. ಅಳತೆ ಸರಿ, ಖರ್ಚಿಲ್ಲ, ದೇಹಕ್ಕೆ ಪರಕೀಯವಲ್ಲ.

ಆದರೆ ಅಲ್ಲಿಯವರೆಗೆ ಅದನ್ನು ಎಲ್ಲಿ ಇಡುವುದು? ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನದ ಫ್ರೀಜರ್ ಒಂದು ದಾರಿ. ಅದಕ್ಕೆ ಕರೆಂಟು ಬೇಕು, ಹೆಸರು ಬರೆದ ಚೀಟಿ ಬೇಕು, ಚೀಟಿ ಅದಲುಬದಲಾಗದಂತೆ ನೋಡುವವರು ಬೇಕು. ಇನ್ನೊಂದು ದಾರಿ, ಹೊಟ್ಟೆಯ ಚರ್ಮದ ಕೆಳಗೆ, ಕೊಬ್ಬಿನ ಪದರದಲ್ಲಿ ಜೇಬು ಮಾಡಿ ಅಲ್ಲೇ ಇಡುವುದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದು ಇಂದಿಗೂ ನಡೆಯುವ ಪದ್ಧತಿ. ರೋಗಿ ತನ್ನ ತಲೆಯ ಮೂಳೆಯನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಊರಿಗೆ ಹೋಗುತ್ತಾನೆ. ಬೇರೆ ಆಸ್ಪತ್ರೆಗೆ ಹೋದರೂ ಮೂಳೆ ಜೊತೆಗೇ ಇರುತ್ತದೆ. ಬಡತನದಲ್ಲಿ ಬೆಳೆದ ಈ ಉಪಾಯದ ಬಗ್ಗೆ ನನಗೆ ಗೌರವವಿದೆ. ಅದರ ಮಿತಿಯೂ ಗೊತ್ತು: ಸಣಕಲು ಮೈಯವರಿಗೆ, ಮಕ್ಕಳಿಗೆ ಜಾಗ ಸಾಲದು; ತಿಂಗಳುಗಳು ಕಳೆದಂತೆ ಅಂಚು ಸವೆದು ತುಂಡು ಚಿಕ್ಕದಾಗುತ್ತದೆ; ಹೊಟ್ಟೆಯ ಮೇಲೂ ಗಾಯ.

ಫ್ರೀಜರಿನಲ್ಲಿಟ್ಟರೂ ಮೂಳೆಯೊಳಗಿನ ಜೀವಕೋಶಗಳು ಸಾಯುತ್ತವೆ, ಉಳಿಯುವುದು ಚೌಕಟ್ಟು ಮಾತ್ರ. ಸುತ್ತಲಿನಿಂದ ಹೊಸ ರಕ್ತನಾಳ, ಹೊಸ ಕೋಶ ಅದರೊಳಗೆ ಹಬ್ಬಿದರೆ ಸರಿ, ಇಲ್ಲದಿದ್ದರೆ ಮೂಳೆ ಕರಗುತ್ತದೆ. ಮಕ್ಕಳಲ್ಲಿ ಇದು ಹೆಚ್ಚು. 2017ರಲ್ಲಿ ಪರ್ತ್ ನಗರದ ಹನಿಬಲ್ ಮತ್ತು ಸಂಗಡಿಗರು 64 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಅರ್ಧ ಜನರಿಗೆ ಸ್ವಂತ ಮೂಳೆ, ಉಳಿದವರಿಗೆ ಅಳತೆಗೆ ಮಾಡಿದ ಟೈಟಾನಿಯಂ ಹಾಕಿದರು. ಸ್ವಂತ ಮೂಳೆ ಹಾಕಿಸಿಕೊಂಡ 31 ಜನರಲ್ಲಿ ಏಳು ಜನರ ಮೂಳೆ ಪೂರ್ತಿ ವಿಫಲವೆನ್ನುವಷ್ಟು ಕರಗಿತು. ಟೈಟಾನಿಯಂ ಗುಂಪಿನಲ್ಲಿ ಒಂದು ವರ್ಷದವರೆಗೆ ಅಂಥ ವೈಫಲ್ಯವೇ ಇರಲಿಲ್ಲ. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೂ ಹಳೆಯ ಕಡತ ತಿರುವಿ ಬರೆದ ಎಷ್ಟೋ ದೊಡ್ಡ ಲೇಖನಗಳಿಗಿಂತ ಇದನ್ನು ನಾನು ಮೇಲೆ ಇಡುತ್ತೇನೆ. ಎಲ್ಲರೂ ಉತ್ತರ ಗೊತ್ತು ಎಂದುಕೊಂಡಿದ್ದ ಪ್ರಶ್ನೆಯನ್ನು ಅವರು ಕೇಳಿದರು.

ಹಾಗಂತ ನಾಳೆಯಿಂದ ಎಲ್ಲರಿಗೂ ಟೈಟಾನಿಯಂ ಎನ್ನಲಾಗದು. ಬೆಲೆ ನಮ್ಮ ರೋಗಿಗಳ ಕೈಗೆಟುಕುವುದಿಲ್ಲ. ಇಲ್ಲಿ ನಮ್ಮ ದೇಶದ ವೈದ್ಯರು ಒಂದು ನಡುದಾರಿ ಹಿಡಿದಿದ್ದಾರೆ. ಸಿಟಿ ಸ್ಕ್ಯಾನಿನಲ್ಲಿ ಆರೋಗ್ಯವಾಗಿರುವ ಮಗ್ಗುಲನ್ನು ಕನ್ನಡಿಯಂತೆ ತಿರುಗಿಸಿ ಆಕಾರ ಪಡೆದು, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದು, ಅದರಲ್ಲಿ ಬೋನ್ ಸಿಮೆಂಟ್ ಎರಕ ಹೊಯ್ಯುವುದು. ಸಿಮೆಂಟ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ. ಅಚ್ಚಿನಲ್ಲೇ ಆರಿಸಿದರೆ ಮಿದುಳಿಗೆ ಆ ಬಿಸಿ ತಾಗದು.

ಯಾವಾಗ ಮುಚ್ಚಬೇಕೆಂಬುದು ಇನ್ನೂ ತೊಡಕಿನ ಪ್ರಶ್ನೆ. ಮೂರು ತಿಂಗಳೊಳಗೆ ಮುಚ್ಚಿದವರು ಹೆಚ್ಚು ಚೇತರಿಸಿಕೊಂಡರು ಎನ್ನುವ ಲೇಖನಗಳಿವೆ. ಆದರೆ ಮೂರು ತಿಂಗಳೊಳಗೆ ಆಪರೇಷನ್ ಟೇಬಲ್ಲಿಗೆ ಬರುವವರು ಯಾರು? ಸೋಂಕಿಲ್ಲದವರು, ಎದ್ದು ಓಡಾಡುವವರು, ಮನೆಯಲ್ಲಿ ಕರೆತರುವ ಜನರಿರುವವರು. ಕೀವಾದವರು, ಉಸಿರಿಗೆ ಕತ್ತಿನಲ್ಲಿ ನಳಿಗೆ ಇಟ್ಟುಕೊಂಡವರು, ಬಸ್ ಚಾರ್ಜಿಗೆ ದುಡ್ಡಿಲ್ಲದವರು ತಡವಾಗಿ ಬರುತ್ತಾರೆ. ಫಲಿತಾಂಶದ ವ್ಯತ್ಯಾಸ ತಾರೀಖಿನದೋ ರೋಗಿಯದೋ ಎಂದು ಬಿಡಿಸುವುದು ಹಳೆಯ ಕಡತಗಳಿಂದ ಆಗುವ ಕೆಲಸವಲ್ಲ. ‘ಬೇಗ’ ಎಂದರೆ ಎಷ್ಟು ವಾರ ಎನ್ನುವುದರಲ್ಲೂ ಬಹುಕಾಲ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿತ್ತು.

ಬ್ರಿಟನ್ನಿನವರೂ ಜರ್ಮನಿಯವರೂ ಇಂಥ ಆಪರೇಷನ್ನುಗಳಿಗೆಂದೇ ರಾಷ್ಟ್ರಮಟ್ಟದ ನೋಂದಣಿ ಪುಸ್ತಕ ತೆರೆದಿದ್ದಾರೆ. ರಸ್ತೆ ಅಪಘಾತದ ತಲೆಪೆಟ್ಟುಗಳು ಇಷ್ಟೊಂದು ಬರುವ ನಮ್ಮ ರಾಜ್ಯದಲ್ಲಿ ನಾಲ್ಕಾರು ಆಸ್ಪತ್ರೆಗಳಾದರೂ ಸೇರಿ ಒಂದನ್ನು ನಡೆಸಬೇಕು. ಹತ್ತು ಕಾಲಂ ಸಾಕು: ಮೂಳೆ ತೆಗೆದ ದಿನ, ಅದನ್ನು ಇಟ್ಟ ಜಾಗ, ಮುಚ್ಚಿದ ದಿನ, ಯಾವುದರಿಂದ ಮುಚ್ಚಿದ್ದು, ಸೋಂಕು, ವರ್ಷದ ನಂತರದ ಸ್ಕ್ಯಾನ್, ತಲೆನೋವು, ಮತ್ತೆ ಕೆಲಸಕ್ಕೆ ಹೋದರೇ, ಕನ್ನಡಿ ನೋಡಿಕೊಳ್ಳುತ್ತಾರೆಯೇ, ಮತ್ತು ಊರಿನಲ್ಲಿ ಖಂಡಿತ ಫೋನ್ ಎತ್ತುವ ಒಬ್ಬರ ನಂಬರು. ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂಳೆ ಎಲ್ಲಿದೆ, ಯಾವಾಗ ವಾಪಸ್ ಬರಬೇಕು ಎಂಬೆರಡು ಸಾಲನ್ನು ಕನ್ನಡದಲ್ಲಿ ಬರೆದುಕೊಡುವುದಕ್ಕಂತೂ ಯಾವ ಅನುದಾನವೂ ಬೇಡ. ನೋಂದಣಿಗೆ ಮಾತ್ರ ಸಂಬಳದ ಗುಮಾಸ್ತರೊಬ್ಬರು ಬೇಕು. ಡ್ಯೂಟಿ ವೈದ್ಯರ ತಲೆಗೆ ಕಟ್ಟಿದರೆ ಮೂರನೇ ತಿಂಗಳಿಗೆ ಪುಸ್ತಕ ಮುಚ್ಚುತ್ತದೆ. ಈ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ. ಒಂದೆರಡು ವರ್ಷ ನನ್ನಂಥವರ ಭಾಷಣ ಬಿಟ್ಟು ಆ ಹಣವನ್ನು ಗುಮಾಸ್ತರ ಸಂಬಳಕ್ಕೆ ಸೇರಿಸಬಹುದೇ ಎಂದು ದತ್ತಿ ಸ್ಥಾಪಿಸಿದ ಕುಟುಂಬದ ಹಿರಿಯರು ಯೋಚಿಸಬೇಕಾಗಿ ಕೇಳಿಕೊಳ್ಳುತ್ತೇನೆ.