ವಿದ್ಯಾಪೀಠವೂ ಸಮಿತಿಧರ್ಮವೂ

(ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ಮಹೋತ್ಸವದ ಅಂಗವಾಗಿ ನಡೆದ ವಿದ್ವದ್ಗೋಷ್ಠಿಯ ಉಪನ್ಯಾಸ)



‘ಸಮಿತಿ’ ಎಂಬುದು ಇಂದು ಎಲ್ಲರ ಬಾಯಲ್ಲಿಯೂ ಓಡಾಡತಕ್ಕ ಶಬ್ದವು. ಜಾತ್ರೆಗೊಂದು ಸಮಿತಿ, ಕಟ್ಟಡಕ್ಕೊಂದು ಸಮಿತಿ, ಲೆಕ್ಕ ನೋಡುವುದಕ್ಕೊಂದು ಸಮಿತಿ. ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದಂತೆ ಆ ಶಬ್ದದ ಮೇಲಣ ಮುದ್ರೆಯು ಮಾಸಿಹೋಗಿದೆ. ವ್ಯಾಕರಣದ ಒರೆಗಲ್ಲಿಗೆ ಹಚ್ಚಿ ನೋಡಿದರೆ, ‘ಸಮ್’ ಎಂಬ ಉಪಸರ್ಗವೂ ‘ಇಣ್ ಗತೌ’ ಎಂಬ ಧಾತುವೂ ಕೂಡಿ ಈ ಶಬ್ದವು ಸಿದ್ಧಿಸುವುದು. ಒಟ್ಟಾಗಿ ಬಂದು ಸೇರುವುದೇ ಸಮಿತಿ. ಋಗ್ವೇದ ಅಥರ್ವವೇದಗಳಲ್ಲಿಯೂ ಸಭೆ, ಸಮಿತಿ ಎಂಬ ಎರಡು ಶಬ್ದಗಳು ಜನರು ಕೂಡಿ ಆಲೋಚಿಸುವ ಕೂಟಗಳಿಗೆ ಸಲ್ಲುವುವು. ಆದುದರಿಂದ ಬರಬೇಕಾದವರು ಬಾರದ ಕೂಟವು ಹೆಸರಿಗೆ ಸಮಿತಿಯೇ ಹೊರತು ಅರ್ಥಕ್ಕಲ್ಲ. ವಿಶ್ವವಿದ್ಯಾನಿಲಯಗಳ ಸಮಿತಿಗಳನ್ನು ಪರೀಕ್ಷಿಸುವಾಗ ಈ ಲಕ್ಷಣವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಹೊಲಗದ್ದೆಗಳ ಈ ಹೋಬಳಿಯಲ್ಲಿ ವಿಶ್ವವಿದ್ಯಾನಿಲಯದ ಮಾತೇಕೆ ಎಂದು ಕೆಲವರು ಶಂಕಿಸಬಹುದು. ಹಿಂದೆ ಹಳ್ಳಿಗೊಬ್ಬನೋ ಇಬ್ಬರೋ ಪದವಿಗೆ ಹೋಗುತ್ತಿದ್ದರು. ಇಂದು ಮನೆಮನೆಯ ಮಕ್ಕಳು ಬೆಳಗಿನ ಬಸ್ಸನ್ನು ಹಿಡಿದು ದೇವನಹಳ್ಳಿಗೋ ವಿಜಯಪುರಕ್ಕೋ ಬೆಂಗಳೂರಿಗೋ ಹೋಗುವರು. ಅವರು ಯಾವ ಗ್ರಂಥವನ್ನು ಓದಬೇಕು, ಎಷ್ಟು ದಿನ ಹಾಜರಿರಬೇಕು, ಅನ್ಯಾಯವಾದರೆ ಯಾರಲ್ಲಿ ಹೇಳಿಕೊಳ್ಳಬೇಕು ಎಂಬುದೆಲ್ಲವೂ ಆ ಮಕ್ಕಳ ತಂದೆತಾಯಿಗಳು ಕಂಡರಿಯದ ಕೊಠಡಿಗಳಲ್ಲಿ ನಿರ್ಣಯವಾಗುವುದು. ಮಗುವನ್ನು ಒಪ್ಪಿಸಿದ ಮೇಲೆ ಆ ಕೊಠಡಿಯಲ್ಲಿ ಏನು ನಡೆಯುವುದೆಂದು ತಿಳಿಯುವುದು ತಂದೆತಾಯಿಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ವಿದ್ಯಾರ್ಥಿಯ ದೂರನ್ನು ಕೇಳದೆ ಬಿಟ್ಟರೆ ಏನಾಗುವುದೆಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯ ಮೊದಲ ಪುಟದಲ್ಲಿಯೇ ದೃಷ್ಟಾಂತವುಂಟು. ತಾಳಗುಂದದ ಸ್ತಂಭಶಾಸನವು ಹೇಳುವಂತೆ, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವ್ಯಾಸಂಗಕ್ಕಾಗಿ ಹೋದನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಕಲಹವಾಯಿತು. ಅವಮಾನವನ್ನು ತಾಳಲಾರದೆ ಆತನು ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಕದಂಬರ ರಾಜ್ಯವು ಹೀಗೆ ಹುಟ್ಟಿತು. ಅದು ಕನ್ನಡಿಗರ ಸುಕೃತವೆಂದು ಹಿಗ್ಗುವುದು ಯುಕ್ತವೇ. ಆದರೆ ಘಟಿಕೆಯ ಕಡೆಯಿಂದ ನೋಡಿದರೆ ಅದು ಓದಲು ಬಂದವನೊಬ್ಬನ ಓದು ಕೆಟ್ಟ ಕಥೆಯಲ್ಲವೇ? ನೊಂದವರೆಲ್ಲರೂ ರಾಜ್ಯವನ್ನು ಕಟ್ಟಲಾರರು. ಬಹುಮಂದಿ ಮೌನವಾಗಿ ಊರಿಗೆ ಹಿಂದಿರುಗುವರು; ಅವರ ಹೆಸರನ್ನು ಯಾವ ಶಾಸನವೂ ಹೇಳದು.

ಇದಕ್ಕೆ ಪ್ರತಿಯಾಗಿ, ವಿದ್ಯಾರ್ಥಿಯ ಜೀವನವನ್ನೂ ವಿದ್ಯೆಯ ಅಂಗವೆಂದೇ ಬಗೆದ ಹಿರಿಯರೂ ಈ ನಾಡಿನಲ್ಲಿ ಇದ್ದರು. ವಿಜಯಪುರ ಜಿಲ್ಲೆಯ ಸಾಲೊಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಶಾಸನವು ಒಂದು ಶಾಲೆಯ ವಿಷಯವನ್ನು ಹೇಳುತ್ತದೆ. ದೂರದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳನ್ನೂ, ದೀಪದ ವೆಚ್ಚಕ್ಕೆ ಬೇರೆಯಾಗಿಯೇ ಭೂಮಿಯನ್ನೂ ಅಲ್ಲಿ ಬಿಟ್ಟುಕೊಟ್ಟಿತ್ತು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ಶಾಸ್ತ್ರಪಾಠಗಳನ್ನು ಎಣಿಸಿ ಅಷ್ಟಕ್ಕೇ ನಿಲ್ಲದೆ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಹೇಳುವುದು. ಪಾಠ, ಮನೆ, ದೀಪ, ಅನ್ನ, ಔಷಧ: ಇವು ಬೇರೆಬೇರೆ ಬಾಬುಗಳೆಂದು ಅವರು ತಿಳಿದಿರಲಿಲ್ಲ.

ಇನ್ನು ನವೀನ ಕಾಲಕ್ಕೆ ಬರೋಣ. ದೇಶೀಯ ಸಂಸ್ಥಾನಗಳಲ್ಲಿ ಮೊಟ್ಟಮೊದಲನೆಯದಾದ ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಜುಲೈ 27ರಂದು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಪತಿಗಳು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಹಿಂದಣ ವರ್ಷವಷ್ಟೇ ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿಗೆ ಅಧ್ಯಕ್ಷರಾಗಿದ್ದ ಹೆಚ್. ವಿ. ನಂಜುಂಡಯ್ಯನವರೇ ಮೊದಲ ಉಪಕುಲಪತಿಗಳು. ಆಡಳಿತವನ್ನು ನಡೆಸುವುದಕ್ಕೆ ಕೌನ್ಸಿಲ್, ವಿಶಾಲವಾಗಿ ಚರ್ಚಿಸುವುದಕ್ಕೆ ಸೆನೆಟ್ ಎಂದು ಎರಡು ಕೂಟಗಳು ಏರ್ಪಟ್ಟವು. ಕಾರ್ಯಭಾರವು ಕೆಲವರದು, ಆಲೋಚನೆಯು ಹಲವರದು ಎಂಬುದೇ ಅದರ ತತ್ತ್ವವು. ಕನ್ನಡ ಎಂ. ಎ. ತರಗತಿಯು 1927ರಲ್ಲಿ ಆರಂಭವಾದುದೂ, ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾದುದೂ ಸಮಿತಿಗಳಲ್ಲಿ ಕುಳಿತು ಹಟಬಿಡದೆ ದುಡಿದ ಬಿ. ಎಂ. ಶ್ರೀಕಂಠಯ್ಯನವರಂಥವರಿಂದ. ಸಮಿತಿಯ ಕೆಲಸವು ನಿರುಪಯೋಗವೆಂದು ಹೀಗಳೆಯುವವರು ಆ ನಿಘಂಟನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಲಿ. ಒಂದೊಂದು ಶಬ್ದಕ್ಕೂ ಕೂಡಿ ಕುಳಿತು ಕನ್ನಡವನ್ನು ಹುಡುಕಿದವರ ತಾಳ್ಮೆಯ ಭಾರವು ಅದರಲ್ಲಿದೆ.

ಬೆಂಗಳೂರು ವಿಶ್ವವಿದ್ಯಾನಿಲಯವು 1964ರಲ್ಲಿ ಹುಟ್ಟಿತು. ಅದು ಮೂರಾಗಿ ವಿಭಾಗಗೊಂಡು, ಕೋಲಾರವನ್ನು ಕೇಂದ್ರವಾಗುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು 2017ರಲ್ಲಿ ಕಾರ್ಯಾರಂಭ ಮಾಡಿತು. ದೇವನಹಳ್ಳಿಯ ಸೀಮೆಯು ಸೇರಿರುವುದು ಇದಕ್ಕೇ. ಇದು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಎಂಬ ಕಾನೂನಿನ ಮೇರೆಗೆ. ರಾಜ್ಯಪಾಲರು ಕುಲಾಧಿಪತಿಗಳು. ಕುಲಪತಿಗಳ ಅಧ್ಯಕ್ಷತೆಯಲ್ಲಿ ಸಿಂಡಿಕೇಟ್ ಆಡಳಿತವನ್ನು ನಡೆಸುವುದು. ವಿದ್ಯಾವಿಷಯಕ ಪರಿಷತ್ತು ಪಾಠ ಪರೀಕ್ಷೆಗಳ ಮಟ್ಟವನ್ನು ಕಾಯುವುದು. ಹಣಕಾಸು ಸಮಿತಿಯು ಆಯವ್ಯಯವನ್ನು ನೋಡುವುದು. ಒಂದೊಂದು ವಿಷಯಕ್ಕೂ ಇರುವ ಅಧ್ಯಯನ ಮಂಡಳಿಯು ಪಠ್ಯಕ್ರಮವನ್ನು ಸಿದ್ಧಪಡಿಸುವುದು. ಅಧ್ಯಯನ ಮಂಡಳಿಯಲ್ಲಿ ಹುಟ್ಟಿದ ಸಲಹೆಯು ಮೆಟ್ಟಿಲು ಮೆಟ್ಟಿಲಾಗಿ ಏರಿ ನಿಯಮವಾಗಬೇಕು. ಈ ನಿಧಾನವು ದೋಷವಲ್ಲ. ಹಾಲು ಕೆನೆಗಟ್ಟಬೇಕಾದರೆ ಸಣ್ಣ ಉರಿಯೇ ಬೇಕು.

ಇದು ಪಾಠದ ಮಾತಾಯಿತು. ಆವರಣದೊಳಗಣ ಬಾಳಿನ ಮಾತು ಬಹುಕಾಲ ಯಾವ ಸಮಿತಿಯ ಕಡತಕ್ಕೂ ಸರಿಯಾಗಿ ಬರಲಿಲ್ಲ. ಬಂದುದು ನೋವಿನ ಬೆಲೆಯನ್ನು ತೆತ್ತ ಮೇಲೆ. 2009ರ ಮಾರ್ಚ್ ತಿಂಗಳಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಎಳೆಯ ವಿದ್ಯಾರ್ಥಿಯೊಬ್ಬನು ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಮಡಿದನು. ಅದೇ ವರ್ಷ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ್‍ಯಾಗಿಂಗ್ ಎಂಬ ದುರಾಚಾರವನ್ನು ತಡೆಯುವ ನಿಬಂಧನೆಗಳನ್ನು ಹೊರಡಿಸಿ, ಪ್ರತಿ ಸಂಸ್ಥೆಯಲ್ಲಿಯೂ ಅದಕ್ಕಾಗಿ ಸಮಿತಿಯೂ ಕಾವಲುಪಡೆಯೂ ಇರಬೇಕೆಂದು ವಿಧಿಸಿತು. 2015ರ ನಿಬಂಧನೆಗಳು ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಆಂತರಿಕ ದೂರು ಸಮಿತಿಯನ್ನು ಕಡ್ಡಾಯ ಮಾಡಿದವು. ಇದರ ರಚನೆಯು ಗಮನಿಸತಕ್ಕುದು. ಹಿರಿಯ ಅಧ್ಯಾಪಕಿಯೊಬ್ಬಳು ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕು, ಹೊರಗಿನವರೊಬ್ಬರಿರಬೇಕು, ಕುಲಪತಿ, ಕುಲಸಚಿವರಂಥ ಅಧಿಕಾರಿಗಳು ಅದರಲ್ಲಿ ಕೂರಕೂಡದು, ವಿಷಯವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸೇರಬೇಕು, ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು.

2023ರ ನಿಬಂಧನೆಗಳ ಮೇರೆಗೆ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿಯು ಏರ್ಪಟ್ಟಿತು. ಪ್ರವೇಶದಲ್ಲಿ ಅಕ್ರಮ, ಮೂಲ ಪತ್ರಗಳನ್ನು ತಡೆಹಿಡಿಯುವುದು, ವಿದ್ಯಾರ್ಥಿವೇತನದ ವಿಳಂಬ, ಪರೀಕ್ಷೆಯ ಅನ್ಯಾಯ, ಭೇದಭಾವ ಮೊದಲಾದವು ಇದರ ಮುಂದೆ ಬರತಕ್ಕವು. ಸಮಿತಿಯು ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿಯನ್ನು ಕೊಡಬೇಕು. ತೃಪ್ತಿಯಾಗದವರು 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ನ್ಯಾಯದರ್ಶಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಇಲ್ಲಿ ಒಂದು ಕೊರತೆಯು ಕಣ್ಣಿಗೆ ಬೀಳುವುದು. ಈ ಸಮಿತಿಯಲ್ಲಿ ವಿದ್ಯಾರ್ಥಿಯು ಚುನಾಯಿತನಲ್ಲ. ನಾಮಕರಣಗೊಂಡು ಬರುವ ವಿಶೇಷ ಆಹ್ವಾನಿತನು. ಯಾರ ಮನೆಯ ಕಷ್ಟವನ್ನು ವಿಚಾರಿಸುವುದಕ್ಕೆ ಕೂಟವು ಸೇರಿದೆಯೋ ಆ ಮನೆಯವನೇ ಅಲ್ಲಿ ಅತಿಥಿಯಂತೆ ಕುಳಿತಿರುವನು.

ಒಂದು ಉದಾಹರಣೆಯನ್ನು ಊಹಿಸೋಣ. ಈ ಹೋಬಳಿಯ ಹುಡುಗಿಯೊಬ್ಬಳು ಪದವಿ ತರಗತಿಯಲ್ಲಿ ಓದುತ್ತಿರುವಳು. ಬೆಳಗಿನ ಬಸ್ಸು ನಿತ್ಯವೂ ತಡವಾಗುವುದು; ಮೊದಲನೆಯ ಪಾಠವು ತಪ್ಪುವುದು. ವರ್ಷದ ಕೊನೆಯಲ್ಲಿ ಹಾಜರಿಯು ಶೇಕಡ 75ಕ್ಕೆ ಮುಟ್ಟಲಿಲ್ಲವೆಂದು ಪರೀಕ್ಷೆಗೆ ತಡೆ ಬೀಳುವುದು. ಹಾಜರಿಯ ನಿಯಮವನ್ನು ಮಾಡಿದವರು ಕೆಟ್ಟವರಲ್ಲ. ಆ ನಿಯಮವೂ ಕೆಟ್ಟುದಲ್ಲ. ಆದರೆ ನಿಯಮವನ್ನು ಮಾಡಿದ ಕೂಟದಲ್ಲಿ ಆ ಬಸ್ಸನ್ನು ಹತ್ತಿದವರು ಯಾರೂ ಇರಲಿಲ್ಲ. ಹುಡುಗಿಯು ಸಮಿತಿಗೆ ಅರ್ಜಿ ಕೊಡಬಹುದೆಂದು ಅವಳಿಗೆ ಯಾರೂ ತಿಳಿಸಲಿಲ್ಲ. ಫಲಕದ ಮೇಲೆ ಸದಸ್ಯರ ಹೆಸರುಗಳಿದ್ದವು. ಅವರು ಕೂಡಿದ ದಿನವೇ ಇರಲಿಲ್ಲ. ಅವಳು ಊರಿಗೆ ಬಂದಳು. ಮನೆಯವರು ಮದುವೆಯ ಮಾತೆತ್ತಿದರು. ಸಮಿತಿಯ ಪುಸ್ತಕದಲ್ಲಿ ಆ ವರ್ಷ ದೂರುಗಳೇ ಇಲ್ಲವೆಂದು ಬರೆದು ರುಜು ಹಾಕಿದರು. ದೂರಿಲ್ಲದಿರುವುದು ಬೇರೆ, ದೂರು ಬಾರದಿರುವುದು ಬೇರೆ. ಈ ಎರಡರ ಭೇದವನ್ನು ಅರಿಯದ ಸಮಿತಿಯು ಎಷ್ಟು ವರದಿಗಳನ್ನು ಬರೆದರೂ ವ್ಯರ್ಥವು.

ಕೇಳಬೇಕಾದವರನ್ನು ಕೇಳದೆ ಮಾಡಿದ ನಿರ್ಣಯವು ನಿಲ್ಲದೆಂಬುದನ್ನು ಚನ್ನರಾಯಪಟ್ಟಣದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರವು ಹೊರಟಾಗ, ರೈತರು 2022ರಿಂದ ಮೂರು ವರ್ಷಗಳಿಗೂ ಮೇಲ್ಪಟ್ಟು ಧರಣಿ ಕುಳಿತರು. 2025ನೆಯ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಭೂಮಿಯ ಬಗ್ಗೆ ಯಾರ ಅಭಿಪ್ರಾಯವು ಏನೇ ಇರಲಿ, ಉಳುವವನ ಮಾತನ್ನು ಕೇಳಿಯೇ ತೀರಬೇಕಾಯಿತೆಂಬುದು ಸತ್ಯ. ಆದರೆ ರೈತನಿಗೆ ಕಾಯುವುದಕ್ಕೆ ತನ್ನ ನೆಲವಿತ್ತು. ಮೂರು ವರ್ಷದ ಪದವಿಗೆ ಬಂದ ವಿದ್ಯಾರ್ಥಿಯು ಮೂರು ವರ್ಷ ಕಾದರೆ ಅವನ ಓದಿನ ಕಾಲವೇ ಮುಗಿದುಹೋಗುವುದು. ಆದುದರಿಂದಲೇ 15 ದಿನ, 90 ದಿನ ಎಂಬ ಆ ಅವಧಿಗಳು ಬರಿಯ ಅಂಕೆಗಳಲ್ಲ.

ಹಾಗಾದರೆ ಕರ್ತವ್ಯವೇನು? ಮೊದಲನೆಯದಾಗಿ, ತಂದೆತಾಯಿಗಳು ಪ್ರವೇಶದ ದಿನವೇ ಈ ಸಮಿತಿಗಳ ಸದಸ್ಯರು ಯಾರು, ದೂರನ್ನು ಎಲ್ಲಿ ಕೊಡಬೇಕು ಎಂದು ಕೇಳಿ ತಿಳಿಯಲಿ. ಶುಲ್ಕವನ್ನು ವಿಚಾರಿಸುವವರು ಇದನ್ನು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಎರಡನೆಯದಾಗಿ, ಭಕ್ತವೃಂದದಲ್ಲಿ ಅಧ್ಯಾಪಕರೂ, ಕಾಲೇಜುಗಳನ್ನು ನಡೆಸುವವರೂ, ಇಂಥ ಸಮಿತಿಗಳ ಸದಸ್ಯರೂ ಉಂಟು. ಅವರು ಸಭೆಯ ದಿನ ತಪ್ಪದೆ ಬರಲಿ, ಕಡತವನ್ನು ಓದಿಕೊಂಡು ಬರಲಿ, ಬಲ್ಲವರ ಮಕ್ಕಳ ಪಕ್ಷವನ್ನು ವಹಿಸದಿರಲಿ. ಮೂರನೆಯದಾಗಿ, ಪ್ರಸಾದನಿಲಯಗಳನ್ನು ನಡೆಸುವವರು ಅನ್ನವನ್ನು ಬಡಿಸುವಾಗಲೇ ಮಕ್ಕಳ ಮುಖವನ್ನೂ ನೋಡಲಿ. ಅರ್ಜಿಯಲ್ಲಿ ಬಾರದ ದುಃಖವು ಅನೇಕ ವೇಳೆ ಪಂಕ್ತಿಯಲ್ಲಿ ಕಾಣುವುದು. ಉಣ್ಣದೆ ಎದ್ದ ಹುಡುಗನನ್ನು ಕರೆದು ವಿಚಾರಿಸುವುದಕ್ಕೆ ಯಾವ ನಿಬಂಧನೆಯೂ ಬೇಕಾಗಿಲ್ಲ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ದೂರು ಕೊಡುವುದು ಗುರುದ್ರೋಹವೆಂದು ಕೆಲವರು ಹೆದರಿಸುವರು. ಸತ್ಯವನ್ನು ವಿನಯದಿಂದ, ಬರಹದಲ್ಲಿ, ತಾರೀಖು ಹಾಕಿ ಹೇಳುವುದು ದ್ರೋಹವಲ್ಲ. ಸುಳ್ಳು ದೂರು ಮಾತ್ರ ಪಾಪವು. ಅದು ಮುಂದೆ ಬರುವ ನಿಜವಾದ ದೂರಿನ ಬಾಯನ್ನೂ ಕಟ್ಟುವುದು. ಸಮಿತಿಯು ನಿಮ್ಮನ್ನು ಕರೆದಾಗ ಹೋಗಿರಿ. ಕರೆಯದಿದ್ದರೆ ಅದು ಎಂದು ಕೂಡುವುದೆಂದು ಕೇಳಿರಿ. ಒಟ್ಟಾಗಿ ಬಂದು ಸೇರುವುದೇ ಆ ಶಬ್ದದ ಅರ್ಥವಾದುದರಿಂದ, ನೀವು ಹೋಗಿ ಸೇರಿದಲ್ಲದೆ ಅದು ಪೂರ್ಣವಾಗದು.